ಕವಿಮನೆಯ ಆಚೆಗಿನ ಗದ್ದೆ

ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (1936) ಮತ್ತು ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಗಳಲ್ಲಿ ಮಲೆನಾಡಿನ ನೆಲವೇ ಪಾತ್ರಗಳ ಬದುಕನ್ನು ನಡೆಸುತ್ತದೆ. ಮಳೆ ಹಿಡಿಯಿತೇ, ಹೊಳೆ ದಾಟುವಷ್ಟು ಇಳಿಯಿತೇ, ಗದ್ದೆಯ ಕೆಲಸಕ್ಕೆ ಆಳುಗಳು ಒದಗಿದರೇ ಎಂಬ ಸಂಗತಿಗಳ ಮೇಲೆಯೇ ಯಾರು ಯಾರನ್ನು ಕಾಣಬಹುದು, ಯಾರು ಯಾರ ಹಂಗಿನಲ್ಲಿ ಇರಬೇಕು ಎಂಬುದು ನಿಂತಿರುತ್ತದೆ. ಆದ್ದರಿಂದ ಈ ಕೃತಿಗಳನ್ನು ಓದಿ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಗೆ ಬರುವವರು ಕವಿಯೊಬ್ಬರ ಮನೆ ನೋಡಲು ಬಂದೆವೆಂದು ತಿಳಿದಿದ್ದರೂ, ಅವರ ಮನಸ್ಸು ಅರಸುವುದು ಕಾಡು, ಅಡಿಕೆ ತೋಟ, ಭತ್ತದ ಗದ್ದೆ ಮತ್ತು ಮನೆ ಒಂದಕ್ಕೊಂದು ಆತುಕೊಂಡು ನಿಂತಿದ್ದ ಒಂದು ಇಡೀ ವ್ಯವಸ್ಥೆಯನ್ನು. ಅದರಲ್ಲಿ ಮನೆಯನ್ನು ಸ್ಮಾರಕವಾಗಿ ಉಳಿಸಿಕೊಳ್ಳಲಾಗಿದೆ. ಗದ್ದೆ ಮತ್ತು ತೋಟಗಳ ಅಳಿವು ಉಳಿವು ಮಾತ್ರ ಆಯಾ ರೈತರ ಲಾಭ ನಷ್ಟದ ಲೆಕ್ಕಕ್ಕೆ ಬಿಟ್ಟ ವಿಷಯವಾಗಿದೆ.

ಲೇಖಕರು ಹುಟ್ಟಿ ಬೆಳೆದ, ಅಥವಾ ಕೃತಿಗಳ ಕಥೆ ನಡೆಯುವ ಸ್ಥಳಗಳನ್ನು ಕಾಣಲು ಓದುಗರು ಕೈಗೊಳ್ಳುವ ಪ್ರಯಾಣವನ್ನು ಸಾಹಿತ್ಯ ಪ್ರವಾಸ ಎಂದೂ, ರೈತರ ಮನೆಯಲ್ಲಿ ತಂಗಿ ಅವರ ಬೇಸಾಯವನ್ನು ಹತ್ತಿರದಿಂದ ಕಾಣುವುದನ್ನು ಕೃಷಿ ಪ್ರವಾಸ ಎಂದೂ ಕರೆಯುವುದು ರೂಢಿ. ಪ್ರವಾಸೋದ್ಯಮ ಇಲಾಖೆಗಳು ಇವೆರಡನ್ನೂ ಬೇರೆ ಬೇರೆ ಬಾಬ್ತುಗಳಾಗಿ ನೋಡುತ್ತ ಬಂದಿವೆಯಾದರೂ, ಮಲೆನಾಡಿನ ಮಟ್ಟಿಗೆ ಈ ವಿಂಗಡಣೆಗೆ ಅರ್ಥವಿಲ್ಲ. ಇಲ್ಲಿನ ಸಾಹಿತ್ಯವು ಬೇಸಾಯದ ಮನೆಗಳಿಂದಲೇ ಬಂದಿದೆ. ಬರುವವರ ಸಂಖ್ಯೆಯಿಂದ ಊರಿನ ನೀರು, ನೆಲ, ದುಡಿಮೆಯ ಲಯ ಕೆಡದೆ, ಬಂದ ಹಣದಲ್ಲಿ ಗಣನೀಯ ಪಾಲು ಊರಿನಲ್ಲಿಯೇ ಉಳಿದು, ಜನ ಏನನ್ನು ನೋಡಲು ಬಂದರೋ ಅದು ಮುಂದಿನ ತಲೆಮಾರಿಗೂ ದೊರೆಯುವಂತಿದ್ದರೆ ಅಂಥ ಪ್ರವಾಸೋದ್ಯಮವನ್ನು ಸುಸ್ಥಿರ ಎನ್ನಲಾಗುತ್ತದೆ. ಈ ಅಳತೆಯ ಕೊನೆಯ ಅಂಶವೇ ಎಲ್ಲಕ್ಕಿಂತ ಕಠಿಣವಾದದ್ದು, ಮತ್ತು ಯೋಜನೆಗಳಲ್ಲಿ ಸಾಮಾನ್ಯವಾಗಿ ಕೈಬಿಟ್ಟು ಹೋಗುವಂಥದ್ದು.

ಕುವೆಂಪು ಅವರು 1904ರ ಡಿಸೆಂಬರ್ 29ರಂದು ಹುಟ್ಟಿದ್ದು ತಾಯಿಯ ತವರಾದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಬೆಳೆದದ್ದು ಕುಪ್ಪಳಿಯ ತೊಟ್ಟಿಮನೆಯಲ್ಲಿ. ನಡುವೆ ಬಯಲಂಗಳವಿದ್ದು ಸುತ್ತಲೂ ಜಗಲಿ, ಕೋಣೆ, ಉಪ್ಪರಿಗೆಗಳಿರುವ ಮನೆಗೆ ತೊಟ್ಟಿಮನೆ ಎಂದು ಹೆಸರು. ಅಂಗಳವು ಒಕ್ಕಲು ಕುಟುಂಬದ ಹಲವು ಕೆಲಸಗಳಿಗೆ ಒದಗುತ್ತಿತ್ತು. ಈಗ ಕವಿಮನೆಯೆಂದು ಹೆಸರಾಗಿರುವ ಈ ಕಟ್ಟಡವನ್ನು ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನವು ವಸ್ತುಸಂಗ್ರಹಾಲಯವಾಗಿ ನೋಡಿಕೊಳ್ಳುತ್ತಿದೆ. ಮನೆಯ ಮೇಲಣ ಗುಡ್ಡದಲ್ಲಿ ಕವಿಶೈಲವಿದೆ; 1994ರ ನವೆಂಬರ್‌ನಲ್ಲಿ ತೀರಿಕೊಂಡ ಕವಿಯ ಸಮಾಧಿ ಅಲ್ಲಿಯೇ ಇದ್ದು, ಅದರ ಸುತ್ತ ಕಲಾವಿದ ಕೆ.ಟಿ. ಶಿವಪ್ರಸಾದ್ ಅವರ ವಿನ್ಯಾಸದಂತೆ ಬೃಹತ್ ಶಿಲಾಯುಗದ ಕಲ್ಲುಕಟ್ಟುಗಳನ್ನು ನೆನಪಿಗೆ ತರುವ ಬಂಡೆಗಳನ್ನು ನಿಲ್ಲಿಸಲಾಗಿದೆ. ಕವಿಯ ಮಗ, ಲೇಖಕ ಪೂರ್ಣಚಂದ್ರ ತೇಜಸ್ವಿ ಅವರ ಸ್ಮಾರಕವೂ ಇದೇ ಪರಿಸರದಲ್ಲಿದೆ. ಪುರೋಹಿತರಿಲ್ಲದೆ, ಆಡಂಬರವಿಲ್ಲದೆ ನಡೆಯುವ ಮಂತ್ರಮಾಂಗಲ್ಯ ವಿವಾಹಕ್ಕೆ ಇಲ್ಲಿಗೆ ಬರುವ ಜೋಡಿಗಳೂ ಇದ್ದಾರೆ. ಸ್ಮಾರಕವೆಂಬ ದೃಷ್ಟಿಯಿಂದ ಕನ್ನಡದ ಬೇರೆ ಯಾವ ಲೇಖಕರ ಮನೆಗೂ ಈ ಅಚ್ಚುಕಟ್ಟು ದೊರೆತಿಲ್ಲ ಎನ್ನಬಹುದು. ಆದರೆ ಬಂದವರು ಕವಿಮನೆ ನೋಡಿ, ಗುಡ್ಡ ಹತ್ತಿ, ಚಿತ್ರ ತೆಗೆದುಕೊಂಡು, ಸೂರ್ಯಾಸ್ತದ ಹೊತ್ತಿಗೆ ಆಗುಂಬೆ ತಲುಪುವ ತರಾತುರಿಯಲ್ಲಿ ಹೊರಟರೆ, ಆ ಮನೆಗೆ ಅನ್ನವಿತ್ತ ಬೇಸಾಯ ಯಾವ ಬಗೆಯದೆಂದು ತಿಳಿಯುವ ಅವಕಾಶ ಅವರಿಗೆ ಸಿಗುವುದೇ ಇಲ್ಲ.

ಆ ಬೇಸಾಯದ ಬೇರು ಕಾಡಿನಲ್ಲಿದೆ. ಮಲೆನಾಡಿನ ಹಳೆಯ ಅಡಿಕೆ ತೋಟಗಳು ಬಹುಮಟ್ಟಿಗೆ ಕಣಿವೆಗಳಲ್ಲಿವೆ. ಎರಡು ಗುಡ್ಡಗಳ ನಡುವಿನ ತಂಪು, ನೆರಳು ಮತ್ತು ಒರತೆಯ ನೀರು ಅಡಿಕೆಗೆ ಬೇಕು, ಆದರೆ ಬುಡದಲ್ಲಿ ನೀರು ನಿಲ್ಲಬಾರದು, ಅದಕ್ಕಾಗಿ ಸಾಲುಗಳ ನಡುವೆ ಬಸಿಗಾಲುವೆ ತೋಡಿರುತ್ತಾರೆ. ಒಂದೇ ಸಮನೆ ಸುರಿಯುವ ಮಳೆ ಮೇಲ್ಮಣ್ಣಿನ ಸತ್ವವನ್ನು ತೊಳೆದುಕೊಂಡು ಹೋಗುವುದರಿಂದ ವರ್ಷವರ್ಷವೂ ಗೊಬ್ಬರ ಕೊಡದೆ ತೋಟ ಬಾಳದು. ಈ ಗೊಬ್ಬರಕ್ಕೆಂದು ತೋಟದ ಮೇಲ್ಭಾಗದ ಇಳಿಜಾರಿನಲ್ಲಿ ಬಿಟ್ಟ ಕಾಡನ್ನು ಸೊಪ್ಪಿನ ಬೆಟ್ಟ ಎನ್ನುತ್ತಾರೆ. ಅಲ್ಲಿಂದ ಮಳೆಗಾಲದಲ್ಲಿ ಹಸಿಸೊಪ್ಪನ್ನೂ ಬೇಸಿಗೆಯಲ್ಲಿ ದರಗನ್ನೂ (ಉದುರಿದ ಒಣ ಎಲೆ) ತಂದು ಕೊಟ್ಟಿಗೆಯಲ್ಲಿ ಹರಡಿ, ದನಗಳು ತುಳಿದು ಸಗಣಿ ಗಂಜಲದೊಂದಿಗೆ ಬೆರೆತ ಮೇಲೆ ಗೊಬ್ಬರಗುಂಡಿಗೆ ಹಾಕಿ, ಕಳಿತದ್ದನ್ನು ಮರದ ಬುಡಕ್ಕೆ ಒದಗಿಸುವುದು ಕ್ರಮ. ಮಲೆನಾಡು ಗಿಡ್ಡ ಎಂಬ ಪುಟ್ಟ ತಳಿಯ ದನಗಳು ಕಾಡಿನಲ್ಲಿ ಮೇಯ್ದು ಸಂಜೆಗೆ ಕೊಟ್ಟಿಗೆ ಸೇರುತ್ತಿದ್ದುದರಿಂದ ಹಾಲಿಗಿಂತ ಗೊಬ್ಬರಕ್ಕೆಂದೇ ಅವನ್ನು ಸಾಕುವ ವಾಡಿಕೆಯಿತ್ತು. ಬ್ರಿಟಿಷರ ಕಾಲದಲ್ಲಿ ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೂ ಬೆಟ್ಟದ ಸವಲತ್ತನ್ನು ಗುರುತಿಸಲಾಗಿತ್ತು ಎಂಬುದನ್ನು ಗಮನಿಸಿದರೆ, ಒಂದು ತೋಟದ ಬೆನ್ನಿಗೆ ಎಷ್ಟು ಕಾಡು ಬೇಕೆಂದು ಹಿಂದಿನವರು ಎಣಿಸಿದ್ದರೆಂಬ ಅಂದಾಜು ಸಿಗುತ್ತದೆ. ಈ ಬೆಟ್ಟದ ಮೇಲೆ ರೈತನಿಗಿರುವುದು ಸೊಪ್ಪು, ದರಗು ತರುವ ಹಕ್ಕೇ ಹೊರತು ಒಡೆತನವಲ್ಲ.

ತೋಟದೊಳಗೂ ಅಡಿಕೆಯೊಂದೇ ಇರುತ್ತಿರಲಿಲ್ಲ. ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿ, ನೆರಳಿನಲ್ಲಿ ಏಲಕ್ಕಿ, ನಡುನಡುವೆ ಬಾಳೆ ಇರುವ ಮಿಶ್ರ ಬೇಸಾಯ ಅದು. ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಮದ್ದಿಲ್ಲದ ಕಾಲದಲ್ಲಿ ಗೊನೆಗಳಿಗೆ ಹುಲ್ಲಿನ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದರು. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಕುರಿತ ಅಧ್ಯಯನವನ್ನು 1910ರಲ್ಲಿ ಪ್ರಕಟಿಸಿದ ಮೇಲೆ ಬೋರ್ಡೋ ದ್ರಾವಣದ ಸಿಂಪಡಣೆ ರೂಢಿಗೆ ಬಂತು. 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ ಮತ್ತು ಒಂದು ಕೆ.ಜಿ. ಸುಣ್ಣ ಬೆರೆಸುವ ಆ ಅಳತೆಯನ್ನು ಇಂದಿಗೂ ಮಲೆನಾಡಿನ ಪ್ರತಿ ತೋಟಿಗನೂ ಬಲ್ಲ. ಸಾಂಪ್ರದಾಯಿಕ ಕೃಷಿಯೆಂದರೆ ಹೊಸದೇನನ್ನೂ ಸೇರಿಸಿಕೊಳ್ಳದ ಕೃಷಿ ಎಂದು ಭಾವಿಸುವವರಿಗೆ ಈ ನೂರು ವರ್ಷದ ಮದ್ದಿನ ಕಥೆ ಸಾಕಷ್ಟು ಉತ್ತರ ಕೊಡುತ್ತದೆ.

ಈ ವ್ಯವಸ್ಥೆಯಲ್ಲಿ ಇಂದು ಎಲ್ಲಕ್ಕಿಂತ ಬೇಗ ಮಾಯವಾಗುತ್ತಿರುವುದು ಗದ್ದೆ. ಭತ್ತಕ್ಕೆ ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಕೊಟ್ಟ ಮೇಲೆ ಗಿಟ್ಟುವುದಿಲ್ಲ, ಕಾಡುಹಂದಿ ಮಂಗಗಳ ಕಾಟ ಬೇರೆ. ಹೀಗಾಗಿ ಮಣ್ಣೇರಿಸಿ ಗದ್ದೆಯನ್ನೂ ಅಡಿಕೆ ತೋಟವಾಗಿಸುವ ರೈತನನ್ನು ದೂರುವಂತಿಲ್ಲ. ಆದರೆ ಮಳೆಯ ನೀರನ್ನು ತಿಂಗಳುಗಟ್ಟಲೆ ತಡೆದು ನೆಲಕ್ಕಿಳಿಸುವ ಕೆಲಸವನ್ನು ಗದ್ದೆ ಮಾಡುತ್ತಿತ್ತು, ಬಸಿಗಾಲುವೆಯ ತೋಟ ಅದನ್ನು ಮಾಡುವುದಿಲ್ಲ. ಗದ್ದೆಯೊಂದಿಗೆ ದನಕ್ಕೆ ಹುಲ್ಲೂ, ಹೊಸ ಮಳೆಗೆ ಹೊಳೆಯಿಂದ ಗದ್ದೆಗೆ ಏರಿ ಬರುವ ಹತ್ತುಮೀನೂ, ನಾಟಿಯ ಹೊತ್ತಿನ ಪದಗಳೂ ಹೋಗುತ್ತವೆ. ಇತ್ತ ಎಲ್ಲರ ಕಣ್ಣೂ ನೆಟ್ಟಿರುವ ಅಡಿಕೆಯ ಭವಿಷ್ಯವಾದರೂ ಭದ್ರವೇ ಎಂದರೆ, ಎಲೆಚುಕ್ಕೆ ರೋಗ ತೋಟಗಳನ್ನು ಕಾಡುತ್ತಿದೆ; ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕ ವಸ್ತುಗಳ ಪಟ್ಟಿಗೆ ಸೇರಿಸಿದ ಮೇಲೆ ಮಾರುಕಟ್ಟೆಯ ಮೇಲೆ ಸದಾ ಒಂದು ತೂಗುಗತ್ತಿಯೂ ಇದೆ. ಒಂದೇ ಬೆಳೆಯನ್ನು ನೆಚ್ಚಿದ ಊರಿಗೆ ಎರಡನೆಯ ಆದಾಯ ಬೇಕೆಂಬುದರಲ್ಲಿ ಸಂಶಯವಿಲ್ಲ. ಆ ಆದಾಯ ಪ್ರವಾಸಿಗಳಿಂದ ಬರುವುದಾದರೆ ಅದು ಗದ್ದೆಯನ್ನು ಉಳಿಸುತ್ತದೆಯೋ ಅಥವಾ ಉಳಿದಿರುವ ಗದ್ದೆಯನ್ನೂ ವಾಹನ ನಿಲುಗಡೆಗೆ ಸಮತಟ್ಟು ಮಾಡಿಸುತ್ತದೆಯೋ ಎಂಬುದು ಚರ್ಚೆಯಾಗಬೇಕಾದ ಪ್ರಶ್ನೆ.

ಸಾಹಿತ್ಯದ ಹೆಸರು ಬೇಸಾಯವನ್ನು ಉಳಿಸಿದ ಅತಿ ಸ್ಪಷ್ಟ ಉದಾಹರಣೆ ಇಂಗ್ಲೆಂಡಿನ ವಾಯವ್ಯ ಭಾಗದ ಲೇಕ್ ಡಿಸ್ಟ್ರಿಕ್ಟ್ ಎಂಬ ಸರೋವರ ಸೀಮೆಯದು. ಇದು ಕುವೆಂಪು ಅವರಿಗೆ ಪ್ರಿಯನಾಗಿದ್ದ ವರ್ಡ್ಸ್‌ವರ್ತ್ ಕವಿಯ ನಾಡು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರನ್ನು ಕಂಡು ಕನ್ನಡದಲ್ಲಿ ಬರೆಯಿರೆಂಬ ಸಲಹೆ ಪಡೆಯುವ ಮೊದಲು ಕುಪ್ಪಳಿಯ ಯುವಕ ಇಂಗ್ಲಿಷಿನಲ್ಲಿಯೇ ಪದ್ಯ ಬರೆಯುತ್ತಿದ್ದುದಕ್ಕೆ ವರ್ಡ್ಸ್‌ವರ್ತ್‌ನ ಓದೂ ಒಂದು ಪ್ರೇರಣೆ. ಆದರೆ ಸರೋವರ ಸೀಮೆಯ ಕುರಿಗಾಹಿಗಳ ಪಾಲಿಗೆ ಒದಗಿದ್ದು ಮಕ್ಕಳ ಕಥೆಗಳ ಲೇಖಕಿ ಬಿಯಾಟ್ರಿಕ್ಸ್ ಪಾಟರ್. ಆಕೆ ಪುಸ್ತಕಗಳಿಂದ ಬಂದ ಹಣದಿಂದ 1905ರಲ್ಲಿ ಹಿಲ್ ಟಾಪ್ ಎಂಬ ಹೊಲಮನೆಯನ್ನು ಕೊಂಡು, ಮುಂದೆ ಒಂದೊಂದಾಗಿ ಹೊಲಗಳನ್ನು ಸೇರಿಸುತ್ತ, ಅಲ್ಲಿನ ಹರ್ಡ್‌ವಿಕ್ ತಳಿಯ ಕುರಿಗಳನ್ನು ಸಾಕಿ, 1943ರಲ್ಲಿ ತೀರಿಕೊಂಡಾಗ 4,000 ಎಕರೆಗೂ ಹೆಚ್ಚು ನೆಲವನ್ನು ನ್ಯಾಷನಲ್ ಟ್ರಸ್ಟ್ ಎಂಬ ಸಂರಕ್ಷಣಾ ಸಂಸ್ಥೆಗೆ ಬಿಟ್ಟುಹೋದರು. ಗುಡ್ಡದ ಹೊಲಗಳಲ್ಲಿ ಅದೇ ತಳಿಯ ಕುರಿಮಂದೆ ಮುಂದುವರಿಯಬೇಕೆಂಬುದು ಆಕೆಯ ಉಯಿಲಿನ ಆಶಯವಾಗಿತ್ತು. ಹೀಗೆ ಬೇಸಾಯ ನಡೆಯುತ್ತಿರುವ ನೆಲಕ್ಕೇ 2017ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಮನ್ನಣೆ ಬಂದದ್ದು ‘ಸಾಂಸ್ಕೃತಿಕ ಭೂದೃಶ್ಯ’ ಎಂಬ ವರ್ಗದಲ್ಲಿ; ಮನುಷ್ಯನ ದುಡಿಮೆ ಮತ್ತು ಪ್ರಕೃತಿ ಕೂಡಿ ಶತಮಾನಗಳಲ್ಲಿ ರೂಪಿಸಿದ ನೆಲ ಎಂಬುದು ಈ ಪದದ ಅರ್ಥ. ಹಿಲ್ ಟಾಪ್ ಮನೆ ಚಿಕ್ಕದಾದ್ದರಿಂದ ಅಲ್ಲಿಗೆ ಹೊತ್ತು ನಮೂದಿಸಿದ ಟಿಕೆಟ್ ಕೊಟ್ಟು ಸ್ವಲ್ಪಸ್ವಲ್ಪವೇ ಜನರನ್ನು ಒಳಗೆ ಬಿಡುತ್ತಾರೆ. ಇಷ್ಟೆಲ್ಲ ಇದ್ದೂ ಅಲ್ಲಿನ ಹಳ್ಳಿಗಳಲ್ಲಿ ಹಣವಂತರು ರಜೆಯ ಮನೆಗಳನ್ನು ಕೊಳ್ಳುತ್ತ ಹೋಗಿ ಊರಿನ ಯುವಕರಿಗೆ ಮನೆ ಕೈಗೆಟುಕದಂತಾಗಿದೆ. ಬೇಲಿಯ ಮೇಲೆ ರೆಸಾರ್ಟುಗಳ ಫಲಕ ಏರುತ್ತಿರುವ ನಮ್ಮ ಘಟ್ಟಸೀಮೆಗೆ ಈ ಎರಡನೆಯ ಪಾಠವೂ ಬೇಕು.

ಹತ್ತಿರದ ಪ್ರಯೋಗವೊಂದು ಮಹಾರಾಷ್ಟ್ರದಲ್ಲಿದೆ. ಸಾತಾರಾ ಜಿಲ್ಲೆಯ ಪಂಚಗಣಿಯ ಬಳಿಯ ಭಿಲಾರ್ ಸ್ಟ್ರಾಬೆರಿ ಬೆಳೆಯುವ ಹಳ್ಳಿ. 2017ರ ಮೇ ತಿಂಗಳಲ್ಲಿ ಅಲ್ಲಿನ ಸರ್ಕಾರ ಅದನ್ನು ‘ಪುಸ್ತಕಗಳ ಊರು’ ಎಂದು ರೂಪಿಸಿ ಮನೆ, ದೇವಸ್ಥಾನ, ಶಾಲೆಗಳು ಸೇರಿ 25 ಕಡೆ ಸುಮಾರು 15,000 ಮರಾಠಿ ಪುಸ್ತಕಗಳನ್ನು ಓದಲು ಇಟ್ಟಿತು. ಸ್ಟ್ರಾಬೆರಿ ಪರಂಪರೆಯ ಬೆಳೆಯಲ್ಲ, ಪುಸ್ತಕಗಳೂ ಆ ಊರಿನವಲ್ಲ. ಆದರೂ ಊರಿನವರು ತಮ್ಮ ಮನೆಯ ಕೋಣೆಯನ್ನೇ ಓದುವವರಿಗೆ ಬಿಟ್ಟುಕೊಟ್ಟದ್ದರಲ್ಲಿ ಕಲಿಯಬೇಕಾದುದಿದೆ. ಓದಲು ಕುಳಿತವನು ಅವಸರದಲ್ಲಿ ಏಳುವುದಿಲ್ಲವಾದ್ದರಿಂದ ಹಳ್ಳಿಗೆ ಕಾರುಗಳ ಸಂಖ್ಯೆ ಹೆಚ್ಚದೆಯೂ ವರಮಾನ ಹೆಚ್ಚಬಲ್ಲದು.

ಮಲೆನಾಡಿನ ವಿಷಯಕ್ಕೆ ಮರಳಿದರೆ, ಸಾಹಿತ್ಯ ಮತ್ತು ಬೇಸಾಯವನ್ನು ಒಟ್ಟಿಗೆ ತೋರಿಸಹೊರಟವರು ಎದುರಿಸಲೇಬೇಕಾದ, ಆದರೆ ಜಾಹೀರಾತುಗಳು ಜಾಣತನದಿಂದ ದಾಟಿಹೋಗುವ ಸಂಗತಿಯೊಂದಿದೆ. ಈಗ ಪರಂಪರೆಯ ಮನೆಗಳೆಂದು ಬಾಡಿಗೆಗೆ ದೊರೆಯುತ್ತಿರುವ ಹಲವು ದೊಡ್ಡ ಮನೆಗಳು ಒಡೆಯರ ಮನೆಗಳು. ‘ಕಾನೂರು ಹೆಗ್ಗಡಿತಿ’ಯಲ್ಲಿ ಚಂದ್ರಯ್ಯಗೌಡರ ಮನೆಯಷ್ಟೇ ಮುಖ್ಯವಾಗಿ ಬೇಲರ ಬೈರನ ಗುಡಿಸಲೂ ಇದೆ, ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಕಾಡು ಗುಡ್ಡಗಳನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಜೀತದಾಳು ಗುತ್ತಿ. ಸಾಲಕ್ಕೆ ಪ್ರತಿಯಾಗಿ ಒಡೆಯನ ಮನೆಯಲ್ಲಿ ತಲೆಮಾರುಗಟ್ಟಲೆ ದುಡಿಯುವ ಕಟ್ಟುಪಾಡಿಗೆ ಜೀತ ಎಂದು ಹೆಸರು. ಅದು ಕಾನೂನಿನಿಂದ ನಿಷೇಧವಾದದ್ದು 1976ರಲ್ಲಿ. ಗೇಣಿದಾರರ ಹಕ್ಕಿಗಾಗಿ ಸಾಗರ ತಾಲ್ಲೂಕಿನಲ್ಲಿ ಕಾಗೋಡು ಸತ್ಯಾಗ್ರಹ ನಡೆದದ್ದು 1951ರಲ್ಲಿ, ಉಳುವವನಿಗೆ ಭೂಮಿ ಕೊಡುವ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಈ ಇತಿಹಾಸವನ್ನು ಮರೆಸಿ ಉಪ್ಪರಿಗೆಯ ಕಂಬಗಳ ಕೆತ್ತನೆಯನ್ನು ಮಾತ್ರ ಹೊಗಳುವ ಪ್ರವಾಸ ಕುವೆಂಪು ಅವರ ಹೆಸರನ್ನು ಬಳಸಿ ಅವರ ಕಾದಂಬರಿಗಳಿಗೆ ವಿರುದ್ಧವಾದುದನ್ನು ಮಾರುತ್ತದೆ. ಹಳೆಯ ಒಕ್ಕಲು ಮತ್ತು ಕೂಲಿ ಕುಟುಂಬಗಳ ಮಕ್ಕಳಿಗೆ ಈ ಉದ್ಯಮದಲ್ಲಿ ಕೋಣೆ ಗುಡಿಸುವ, ಪಾತ್ರೆ ತೊಳೆಯುವ ಕೆಲಸಗಳೇ ಗತಿಯಾದರೆ ಕಾದಂಬರಿಯ ಕಾಲದ ಏಣಿಶ್ರೇಣಿ ಬೇರೊಂದು ರೂಪದಲ್ಲಿ ಮುಂದುವರಿದಂತಾಗುತ್ತದೆ. ಕಾಡಿನ ದಾರಿ ತೋರಿಸುವ, ಕಥೆ ಹೇಳುವ, ಅದಕ್ಕೆ ತಕ್ಕ ಸಂಭಾವನೆ ಪಡೆಯುವ ಮಾರ್ಗದರ್ಶಿಯ ಕೆಲಸಕ್ಕೆ ಅವರೇ ಮೊದಲ ಹಕ್ಕುದಾರರು.

ಹೋಂಸ್ಟೇ, ಎಂದರೆ ಮನೆಯವರು ವಾಸವಿದ್ದು ಕೆಲವು ಕೋಣೆಗಳನ್ನು ಅತಿಥಿಗಳಿಗೆ ಕೊಡುವ ಪದ್ಧತಿ, ಹಳ್ಳಿಗೆ ಹೊಂದುವ ವ್ಯವಸ್ಥೆಯೇ ಸರಿ. ಕೇಂದ್ರ ಸರ್ಕಾರದ ನಿಯಮದಂತೆ ಮನೆಯ ಮಾಲೀಕ ಕುಟುಂಬ ಅಲ್ಲಿಯೇ ವಾಸಿಸುತ್ತಿರಬೇಕು ಮತ್ತು ಬಾಡಿಗೆಗೆ ಕೊಡುವ ಕೋಣೆಗಳು ಆರನ್ನು ಮೀರಬಾರದು. ಈ ಮಿತಿಯನ್ನು ಗಾಳಿಗೆ ತೂರಿದ ಕಡೆಗಳಲ್ಲಿ ಹೋಂಸ್ಟೇ ಎಂಬ ಹೆಸರಿನಲ್ಲಿ ನಡೆಯುವುದು ಹೋಟೆಲೇ. ನಿಯಮ ಪಾಲಿಸುವ ಮನೆಗಳಲ್ಲಿಯೂ ಒಂದು ತೊಡಕಿದೆ. ಪ್ರವಾಸಿಗಳು ಹೆಚ್ಚಾಗಿ ಬರುವ ದಸರೆಯಿಂದ ಸಂಕ್ರಾಂತಿಯವರೆಗಿನ ದಿನಗಳೇ ಅಡಿಕೆ ಕೊಯ್ಲಿನ ದಿನಗಳೂ ಹೌದು; ಹಗಲು ಕೊನೆಗಾರರು ಇಳಿಸಿದ ಗೊನೆಯನ್ನು ರಾತ್ರಿ ಮೆಟ್ಟುಗತ್ತಿಯಲ್ಲಿ ಸುಲಿದು, ಹಂಡೆಯಲ್ಲಿ ಬೇಯಿಸಿ, ಚೊಗರು ಬಸಿದು, ಮಾರನೆಯ ದಿನ ಅಟ್ಟದ ಮೇಲೆ ಹರಡಬೇಕು. ಇದರ ನಡುವೆ ಅತಿಥಿಗಳಿಗೆ ಕಡುಬು, ಅಕ್ಕಿರೊಟ್ಟಿ ಬಡಿಸುವ ಭಾರ ಬೀಳುವುದು ಮನೆಯ ಹೆಂಗಸರ ಮೇಲೆ, ಹಣ ಸೇರುವುದು ಸಾಮಾನ್ಯವಾಗಿ ಯಜಮಾನನ ಖಾತೆಗೆ. ಊರಿನ ಸ್ತ್ರೀಶಕ್ತಿ ಸಂಘವೊಂದು ಸರದಿಯ ಮೇಲೆ ಅಡುಗೆಯ ಹೊಣೆ ಹೊತ್ತು, ಅದೇ ಊರಿನ ಗದ್ದೆಯ ಅಕ್ಕಿಯನ್ನು ನ್ಯಾಯವಾದ ಬೆಲೆಗೆ ಕೊಂಡರೆ ಎರಡು ತೊಡಕುಗಳು ಒಟ್ಟಿಗೆ ಸಡಿಲವಾಗುತ್ತವೆ: ದುಡಿದವರಿಗೆ ಹಣ ಸೇರುತ್ತದೆ, ಭತ್ತ ಬೆಳೆಯುವುದಕ್ಕೂ ಒಂದು ಕಾರಣ ಉಳಿಯುತ್ತದೆ.

ಸಂಸ್ಕೃತಿಯನ್ನು ನೆಚ್ಚಿ ಹಳ್ಳಿಗೆ ಜನ ಬರುವುದು ಅಸಾಧ್ಯವೇನಲ್ಲ ಎಂಬುದಕ್ಕೆ ಇದೇ ಜಿಲ್ಲೆಯ ಹೆಗ್ಗೋಡು ಸಾಕ್ಷಿ. 1949ರಲ್ಲಿ ಅಡಿಕೆ ಬೆಳೆಗಾರರ ಊರೊಂದರಲ್ಲಿ ಹುಟ್ಟಿದ ನೀನಾಸಂ ರಂಗಸಂಸ್ಥೆಯನ್ನು ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣ (1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದವರು) ಸ್ವತಃ ತೋಟಿಗರು. ಅಲ್ಲಿನ ಸಂಸ್ಕೃತಿ ಶಿಬಿರಕ್ಕೆ ನಾಡಿನ ಮೂಲೆಮೂಲೆಗಳಿಂದ ಬರುವವರು ದಿನಗಟ್ಟಲೆ ಉಳಿದು, ಹಗಲು ಉಪನ್ಯಾಸ ಚರ್ಚೆಗಳಲ್ಲಿ, ರಾತ್ರಿ ನಾಟಕದಲ್ಲಿ ಪಾಲ್ಗೊಳ್ಳುತ್ತಾರೆ. ಪ್ರವಾಸೋದ್ಯಮವೆಂಬ ಹೆಸರನ್ನೇ ಹೇಳದೆ ನಡೆದ ಈ ಕೆಲಸ ಊರಿನವರು ತಮಗಾಗಿ ಕಟ್ಟಿಕೊಂಡದ್ದು. ಹೊರಗಿನವರು ಅದರಲ್ಲಿ ಪಾಲು ಪಡೆಯಲು ಬಂದರು. ಇದಕ್ಕೆ ತದ್ವಿರುದ್ಧವಾಗಿ, ಆರ್.ಕೆ. ನಾರಾಯಣ್ ಕಲ್ಪಿಸಿದ ಮಾಲ್ಗುಡಿ, ಶಂಕರ್ ನಾಗ್ ಅವರ ಧಾರಾವಾಹಿಯ ಮೂಲಕ ಆಗುಂಬೆಗೂ ಅರಸಾಳು ರೈಲು ನಿಲ್ದಾಣಕ್ಕೂ ಅಂಟಿಕೊಂಡಿದ್ದು, ಇಲ್ಲದ ಊರನ್ನು ನೋಡಲು ಇರುವ ಊರಿಗೆ ಜನ ಬರುವಂತೆ ಮಾಡಿದೆ. ಸಂತೋಷದ ಸಂಗತಿಯೇ, ಆದರೆ ಅದರಿಂದ ಅರಸಾಳಿನ ರೈತನಿಗೆ ದೊರೆಯುವುದು ಅಲ್ಪ.

ಆಚರಣೆಗಳ ವಿಷಯದಲ್ಲಂತೂ ಬಹಳ ಎಚ್ಚರ ಬೇಕು. ಸಾಗರ, ಸೊರಬ ಸೀಮೆಯ ದೀವರ ಸಮುದಾಯದ ಹೆಂಗಸರು ಕೆಮ್ಮಣ್ಣು ಬಳಿದ ಬುಟ್ಟಿಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಪುಂಡಿನಾರಿನ ಕುಂಚದಿಂದ ಹಸೆ ಚಿತ್ತಾರ ಬರೆದು, ಭೂಮಿ ಹುಣ್ಣಿಮೆಯ ನಸುಕಿನಲ್ಲಿ ಆ ಬೂಮಣ್ಣಿ ಬುಟ್ಟಿಯಲ್ಲಿ ಅಡುಗೆ ಹೊತ್ತೊಯ್ದು, ಹೊಡೆ ತುಂಬಿದ ಭತ್ತದ ಗದ್ದೆಗೆ ಬಸುರಿಯ ಬಯಕೆ ತೀರಿಸುವಂತೆ ಎಡೆಯಿಡುತ್ತಾರೆ. ದೀಪಾವಳಿಯ ರಾತ್ರಿಗಳಲ್ಲಿ ಜ್ಯೋತಿ ಹಿಡಿದು ಮನೆಮನೆಗೆ ಹಾಡುತ್ತ ಬರುವ ಅಂಟಿಗೆ ಪಂಟಿಗೆಯವರಿಗೂ ತಮ್ಮದೇ ಕಾಲವಿದೆ. ಅತಿಥಿಗಳು ಕೇಳಿದರೆಂದು ಜೂನ್ ತಿಂಗಳಲ್ಲಿ ಊಟದ ಮುಂಚೆ ಇವನ್ನು ಪ್ರದರ್ಶಿಸುವುದು ಕಲೆಯ ಪ್ರಚಾರವಾಗದು. ಚಿತ್ತಾರದ ಬುಟ್ಟಿಯನ್ನು ಬರೆದವರಿಂದಲೇ ಬೆಲೆಕೊಟ್ಟು ಕೊಳ್ಳಬಹುದು. ಹಬ್ಬವನ್ನು ಕಾಣಬೇಕೆನ್ನುವವರು ಹಬ್ಬದ ದಿನವೇ ಬರಬೇಕು, ಕರೆದರೆ ಮಾತ್ರ ಗದ್ದೆಗೆ ಇಳಿಯಬೇಕು. ಗದ್ದೆಯೇ ಇಲ್ಲದ ಊರಿನಲ್ಲಿ ಈ ಹಬ್ಬಕ್ಕೆ ಎಡೆಯಿಡುವ ಜಾಗವೂ ಇರುವುದಿಲ್ಲ.

ಕುವೆಂಪು ಅವರ ನೇಗಿಲಯೋಗಿಯ ಪದ್ಯವನ್ನು ಸರ್ಕಾರ ರೈತಗೀತೆಯಾಗಿ ಸ್ವೀಕರಿಸಿದೆ. ಅವರ ಹುಟ್ಟಿದ ದಿನ ವಿಶ್ವಮಾನವ ದಿನವಾಗಿ ಆಚರಣೆಯಾಗುತ್ತಿದೆ. ಕುಪ್ಪಳಿಯಲ್ಲಿ ಕಟ್ಟಡ, ಸಭಾಂಗಣ, ರಸ್ತೆಗಳಿಗೆ ಬೇಕಾದಷ್ಟು ವೆಚ್ಚ ಈಗಾಗಲೇ ಆಗಿದೆ. ಇನ್ನು ಮುಂದೆ ಅಲ್ಲಿಗೆ ಬರುವ ಅನುದಾನದಲ್ಲಿ ಮೊದಲ ಪಾಲು ಸುತ್ತಲಿನ ಊರುಗಳಲ್ಲಿ ಭತ್ತ ಬೆಳೆಯುವುದನ್ನು ಬಿಡದ ರೈತರಿಗೆ ಎಕರೆಗೆ ಇಷ್ಟೆಂದು ನೇರವಾಗಿ ಸಲ್ಲಬೇಕು. ಸೊಪ್ಪಿನ ಬೆಟ್ಟಗಳನ್ನು ಕಾಯ್ದುಕೊಳ್ಳುವುದಕ್ಕೆ ಎರಡನೆಯದು. ಓದುಗರು ತಂಗುವ ಕೋಣೆಗಳ ಚಿಂತೆ ಆಮೇಲೆ ಮಾಡಿದರೂ ನಡೆಯುತ್ತದೆ. ಹೋಗುವ ಓದುಗರಾದರೂ ಎರಡು ಕಾದಂಬರಿಗಳಲ್ಲಿ ಒಂದನ್ನು ಮೊದಲು ಓದಿ, ಸಾಲು ರಜೆಗಳನ್ನು ಬಿಟ್ಟು, ಒಂದು ರಾತ್ರಿಯ ಬದಲು ಮೂರು ರಾತ್ರಿ ಉಳಿಯುವ ಬಿಡುವು ಮಾಡಿಕೊಂಡು, ಮರಳುವಾಗ ಊರಿನ ಅಕ್ಕಿಯನ್ನು ಬೆಳೆದವರ ಮನೆಯಿಂದಲೇ ಕೊಂಡು ತರಲಿ.